ಕೃಷಿ ಓದುವವರಿಗೆ ಫಿಸಿಕ್ಸ್ ಎಷ್ಟು ಬೇಕು?

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಕ್ಯಾಂಪಸ್ಸಿನಲ್ಲಿ ಬಿ.ಎಸ್ಸಿ. ಅಗ್ರಿಗೆ ಸೇರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಫಿಸಿಕ್ಸು ಪಿಯುಸಿಗೇ ಮುಗೀತು ಅಂದ್ಕೊಂಡಿದ್ವಿ. ಇಲ್ಲೂ ಬೇಕಾ? ಬೇಕಂದ್ರೆ ಎಷ್ಟು?"

ಬೇಕು, ಆದರೆ ಹೆದರಿರುವಷ್ಟಲ್ಲ. ಲೆನ್ಸು, ಪ್ರಿಸಮ್ಮು, ನ್ಯೂಕ್ಲಿಯಸ್ಸು ಸದ್ಯಕ್ಕೆ ಹಳೇ ನೋಟ್ಸಿನಲ್ಲೇ ಇರಲಿ. ಒತ್ತಡ ಅನ್ನೋ ಒಂದು ಮಾತನ್ನು ಸರಿಯಾಗಿ ಹಿಡಿದುಕೊಂಡರೆ ಪಂಪು, ಮಣ್ಣು, ಗಿಡ ಮೂರೂ ಒಂದೇ ಪಾಠ.

ಪಂಪಿನಿಂದ ಶುರು ಮಾಡೋಣ. ಬಾವಿ ದಡದ ಮೋನೋಬ್ಲಾಕ್ (ಮೋಟರು, ಪಂಪು ಒಂದೇ ಆಗಿರುವುದು) ನೀರು ಎಳೆಯುತ್ತೆ ಅಂತ ಎಲ್ಲರೂ ಹೇಳುತ್ತೇವೆ. ಅದು ಎಳೆಯುವುದಿಲ್ಲ. ಪೈಪಿನೊಳಗೆ ಒತ್ತಡ ಇಳಿಸುತ್ತೆ, ಅಷ್ಟೆ; ಬಾವಿ ನೀರಿನ ಮೇಲೆ ಕೂತಿರುವ ಗಾಳಿ ಅದನ್ನು ಮೇಲಕ್ಕೆ ತಳ್ಳುತ್ತೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 101 ಕಿಲೋಪ್ಯಾಸ್ಕಲ್, ಅಂದರೆ 10.3 ಮೀಟರ್ ಎತ್ತರದ ನೀರು. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ ಅದು 91ರ ಆಸುಪಾಸು. ಮಂಗಳೂರಿನ 10.3 ಮೀಟರ್ ಇಲ್ಲಿ 9.3 ಆಗಿಬಿಡುತ್ತೆ.

ಅದೂ ಪೂರ್ತಿ ಕೈಗೆ ಬರುವುದಿಲ್ಲ. ನೀರಿನ ಆವಿಯ ಒತ್ತಡಕ್ಕೆ 0.3 ಮೀಟರ್ ಕಳೆಯಿರಿ. ಫುಟ್‌ವಾಲ್ವ್, ಬೆಂಡು, ಪೈಪಿನ ಘರ್ಷಣೆಗೆ 1 ಮೀಟರ್. ಪಂಪಿನೊಳಗೆ ತಿರುಗುವ ಚಕ್ರದ, ಅಂದರೆ ಇಂಪೆಲ್ಲರ್‌ನ ಬಾಯಲ್ಲಿ ಒತ್ತಡ ಇಳಿದು ನೀರು ಕುದಿಯದೆ ಇರಲು ಪಂಪು ತಾನೇ ಕೇಳುವ ಪಾಲು ಎರಡೂವರೆ ಮೀಟರ್ ಅಂತ ಹಿಡಿಯಿರಿ. ಉಳಿದದ್ದು ಐದೂವರೆ. ಬೇಸಿಗೆಯಲ್ಲಿ ನೀರು 8 ಮೀಟರಿಗೆ ಇಳಿದಾಗ 5 ಎಚ್‌ಪಿ ತೆಗೆದು ಏಳೂವರೆ ಕೂರಿಸುವವರಿದ್ದಾರೆ. ದೊಡ್ಡ ಪಂಪು ಹೆಚ್ಚು ನೀರು ಕೇಳುತ್ತೆ, ಘರ್ಷಣೆ ಏರುತ್ತೆ, ಒಳಗೆ ನೀರು ಕುದಿದು ಗುಳ್ಳೆಯೆದ್ದು ಜಲ್ಲಿ ಉರುಳಿದಂತೆ ಸದ್ದು ಬರುತ್ತೆ, ಇಂಪೆಲ್ಲರ್ ತೂತುತೂತಾಗುತ್ತೆ. ಮಾಡಬೇಕಾದದ್ದು ಪಂಪನ್ನೇ ಬಾವಿಯೊಳಗೆ ಮೂರು ಮೀಟರ್ ಕೆಳಗಿಳಿಸುವುದು. ಬೋರ್‌ವೆಲ್ಲಿನ ಸಬ್‌ಮರ್ಸಿಬಲ್‌ಗೆ ಈ ತಕರಾರಿಲ್ಲ, ಅದು ತಳದಿಂದ ತಳ್ಳುತ್ತೆ.

ಇನ್ನು ಮಣ್ಣು. ಟೆನ್ಸಿಯೋಮೀಟರ್ ನೋಡಿರುತ್ತೀರಿ: ಕೆಳಗೆ ಪಿಂಗಾಣಿ ಕಪ್ಪು, ನಡುವೆ ನೀರು ತುಂಬಿದ ಕೊಳವೆ, ಮೇಲೊಂದು ಗೇಜು. ಒಣಗುವ ಮಣ್ಣು ಕಪ್ಪಿನ ಮೂಲಕ ನೀರು ಹೀರುತ್ತೆ, ಗೇಜು ಆ ಹೀರುವಿಕೆಯನ್ನು ಸೆಂಟಿಬಾರ್‌ನಲ್ಲಿ ತೋರಿಸುತ್ತೆ. 1 ಸೆಂಟಿಬಾರ್ ಅಂದರೆ 1 ಕಿಲೋಪ್ಯಾಸ್ಕಲ್, ಗೊಂದಲವೇ ಬೇಡ.

ಕೂರಿಸುವಾಗ ಅವಸರ ಮಾಡಿದರೆ ಕೆಟ್ಟಿತು. ಕಪ್ಪನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ. ಕುದಿಸಿ ಆರಿಸಿದ ನೀರನ್ನೇ ತುಂಬಿ. ನಲ್ಲಿ ನೀರಿನಲ್ಲಿ ಕರಗಿರುವ ಗಾಳಿ ಆಮೇಲೆ ಗುಳ್ಳೆಯಾಗಿ ಹೊರಬರುತ್ತೆ. ಗಾಳಿ ಎಳೆಯುವ ಪುಟ್ಟ ಕೈಪಂಪಿನಿಂದ ಗುಳ್ಳೆಗಳನ್ನು ಎಳೆದು ತೆಗೆದು, ಮತ್ತೆ ತುಂಬಿ, ಮುಚ್ಚಳ ಬಿಗಿ ಮಾಡಿ. ಗುಂಡಿಗೆ ಅದೇ ಮಣ್ಣಿನ ಕೆಸರು ಸುರಿದು ಕಪ್ಪು ಒತ್ತಿ ಕೂರಿಸಿ, ಸುತ್ತ ಗಾಳಿಸಂದು ಉಳಿಯಬಾರದು. ಒಂದು ದಿನ ಬಿಟ್ಟು ಬೆಳಗ್ಗೆ ಹೊತ್ತು ಓದಿ. ಗೇಜು ಕಪ್ಪಿಗಿಂತ 30 ಸೆಂಟಿಮೀಟರ್ ಮೇಲಿದ್ದರೆ ಆ ನೀರಿನ ಕಂಬಕ್ಕಾಗಿ ಗೇಜಿನ ಅಂಕಿಯಿಂದ 3 ಸೆಂಟಿಬಾರ್ ಕಳೆಯಿರಿ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಮರೆಯುವುದು ಈ ಮೂರನ್ನೇ.

ಪುಸ್ತಕದಲ್ಲಿ ಇದು 80–85ರವರೆಗೆ ಅಳೆಯುತ್ತೆ ಅಂತಿರುತ್ತೆ. ಬೆಂಗಳೂರಿನಲ್ಲಿ 70–75 ದಾಟಿದರೆ ನಂಬಬೇಡಿ. ಮಣ್ಣು ಇನ್ನೂ ಒಣಗುತ್ತಿರುತ್ತೆ, ಗೇಜು ಮಾತ್ರ ದಿಢೀರನೆ ಸೊನ್ನೆಯ ಕಡೆಗೆ ಬೀಳುತ್ತೆ. ಮಳೆ ಬಂತು ಅಂದುಕೊಳ್ಳಬೇಕು, ಹಾಗೆ! ಕೊಳವೆಯೊಳಗೆ ಗಾಳಿ ಸೇರಿದೆ, ಅಷ್ಟೆ. ಬಾವಿ ಪಂಪು ಸೋತ ಅದೇ 91 ಕಿಲೋಪ್ಯಾಸ್ಕಲ್ ಗಾಳಿಯ ಒತ್ತಡಕ್ಕೆ ಇದೂ ಸೋತಿದೆ.

ಹೊಲದ ಗಿಡ ಬಾಡಿ ಮತ್ತೆ ಏಳದೇ ಹೋಗುವ ಮಟ್ಟ ಸುಮಾರು 1500 ಕಿಲೋಪ್ಯಾಸ್ಕಲ್. ಅಲ್ಲಿಗೆ ಟೆನ್ಸಿಯೋಮೀಟರ್ ತಲುಪುವ ಮಾತೇ ಇಲ್ಲ. ಆದರೂ ನಮ್ಮ ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ಗಿಡಕ್ಕೆ ಸಿಗುವ ನೀರಿನ ಬಹುಪಾಲು ಅದರ ಅಳತೆಯೊಳಗೇ ಖಾಲಿಯಾಗುವುದರಿಂದ ಇಲ್ಲಿ ಕೆಲಸಕ್ಕೆ ಬರುತ್ತೆ. ಉತ್ತರ ಕರ್ನಾಟಕದ ಎರೆಮಣ್ಣಿನಲ್ಲಿ ಅಷ್ಟು ಉಪಯೋಗವಿಲ್ಲ.

ಗಣಿತ ಎಷ್ಟು ಬೇಕು ಅಂದರೆ, ಅನುಪಾತ ಮತ್ತು ವರ್ಗಮೂಲ ಸಾಕು. ಸಾಮಾನ್ಯ ಡ್ರಿಪ್ಪರ್‌ನಲ್ಲಿ ನೀರಿನ ಹರಿವು ಒತ್ತಡದ ವರ್ಗಮೂಲಕ್ಕೆ ತಕ್ಕಂತೆ. ಚದರ ಸೆಂಟಿಮೀಟರಿಗೆ 1 ಕೆಜಿ ಒತ್ತಡದಲ್ಲಿ, ಅಂದರೆ 10 ಮೀಟರ್ ನೀರಿಗೆ, ಗಂಟೆಗೆ 4 ಲೀಟರ್ ಕೊಡುವುದು ಅರ್ಧ ಕೆಜಿಗೆ 2.8 ಲೀಟರ್ ಕೊಡುತ್ತೆ. ಎರಡು ಅಂತ ಬರೆದವರು ಸಾಲಿನ ಕೊನೆಯ ಗಿಡಗಳಿಗೆ ಲೆಕ್ಕ ತಪ್ಪಿ ನೀರು ಬಿಡುತ್ತಾರೆ.

ಶಕ್ತಿಯ ಲೆಕ್ಕವೂ ಒಂದಿರಲಿ, ಇದು ನನಗೆ ಇಷ್ಟ. ಬೆಳೆ ದಿನಕ್ಕೆ 5 ಮಿಲಿಮೀಟರ್ ನೀರು ಆವಿ ಮಾಡಿದರೆ ಎಕರೆಗೆ 20,000 ಲೀಟರ್. ಅದನ್ನು ಸಾವಿರ ಅಡಿಯಿಂದ ಎತ್ತಲು, ಮೋಟರು ಪಂಪು ಸೇರಿ 40 ಪರ್ಸೆಂಟ್ ದಕ್ಷತೆ ಅಂದುಕೊಂಡರೆ, 42 ಯೂನಿಟ್ ಕರೆಂಟು. ಅದೇ ನೀರನ್ನು ಎಲೆಯಿಂದ ಆವಿಯಾಗಿಸಲು ಬಿಸಿಲು ಸುರಿಯುವುದು 13,000 ಯೂನಿಟ್‌ಗೂ ಹೆಚ್ಚು.

ಆ ಆವಿಯೇ ಗಿಡದ ಪಂಪು. ಹಾಗಾದರೆ ಇಪ್ಪತ್ತು ಮೀಟರಿನ ಸಿಲ್ವರ್ ಓಕ್ ಮರದಲ್ಲಿ ನೀರು 9.3 ಮೀಟರಿಗೆ ಯಾಕೆ ನಿಲ್ಲಲಿಲ್ಲ? ಇಲ್ಲಿ ಗಾಳಿ ತಳ್ಳುತ್ತಿಲ್ಲ. ಎಲೆಯ ಕೋಶಭಿತ್ತಿಯ ಸೂಕ್ಷ್ಮ ರಂಧ್ರಗಳು ನೀರನ್ನು ನಿಜಕ್ಕೂ ಎಳೆಯುತ್ತಿವೆ. 0.1 ಮೈಕ್ರೋಮೀಟರ್ ತ್ರಿಜ್ಯದ ರಂಧ್ರ ಸುಮಾರು 1440 ಕಿಲೋಪ್ಯಾಸ್ಕಲ್ ಎಳೆತ ತಡೆಯಬಲ್ಲದು, ಕೋಶಭಿತ್ತಿಯ ರಂಧ್ರಗಳು ಅದಕ್ಕಿಂತಲೂ ಸಣ್ಣವು. ಗುಳ್ಳೆ ಹುಟ್ಟದಿರುವವರೆಗೆ ನೀರಿನ ಎಳೆ ತುಂಡಾಗದೆ ಎಳೆಸಿಕೊಳ್ಳುತ್ತೆ.

ಗುಳ್ಳೆ ನುಗ್ಗಿದರೆ ಇಲ್ಲೂ ಪಂಪಿನ ಕಥೆಯೇ. ಗುಲಾಬಿ ಕೊಯ್ದ ಕ್ಷಣ ಕಾಂಡದ ನಾಳಗಳು ಗಾಳಿ ಹೀರುತ್ತವೆ. ಬಕೆಟ್ಟಿಗೆ ಹಾಕಿದರೂ ಹೂವಿನ ಕತ್ತು ಬಗ್ಗುತ್ತೆ. ತುದಿಯಿಂದ ಎರಡು ಮೂರು ಸೆಂಟಿಮೀಟರನ್ನು ನೀರಿನೊಳಗೇ ಹಿಡಿದು, ಹರಿತವಾದ ಚಾಕುವಿನಿಂದ ಮತ್ತೆ ಕತ್ತರಿಸಿ.