ನಡುವಿನ ಪ್ಲೇ (ಸಡಿಲು): ಒಂದು ಹಳೆಯ ಫೋರ್ಸ್ ಫೀಡ್‌ಬ್ಯಾಕ್ ಜಾಯ್‌ಸ್ಟಿಕ್ ರಿಪೇರಿ

ರಿಪೇರಿಗೆ ಬಂದದ್ದು ಕಂಪ್ಯೂಟರಿನ ವಿಮಾನದ ಆಟಕ್ಕೆ ಬಳಸುವ, ಮೋಟರಿನಿಂದ ಕೈಗೆ ಎದುರು ಬಲ ಕೊಡುವ ಜಾಯ್‌ಸ್ಟಿಕ್. ಅದರಲ್ಲಿ ಸ್ಪ್ರಿಂಗ್ ಇಲ್ಲ, ನಡುವಿಗೆ ತರುವುದೂ ಮೋಟರೇ. ದೂರು ಒಂದೇ: ನಡುವಿನಲ್ಲಿ ಹಿಡಿ ಸಡಿಲ, ವಿಮಾನ ಮಟ್ಟವಾಗಿ ನಿಲ್ಲದೆ ಮೂಗು ಮೇಲೆ ಕೆಳಗೆ ಅಲೆಯುತ್ತದೆ. ಇಂಥದ್ದಕ್ಕೆ ಹೆಚ್ಚಿನವರು ಮಾಡುವುದು ಡೆಡ್ ಝೋನ್ (ಹಿಡಿ ಅಲುಗಿದರೂ ಆಟ ಲೆಕ್ಕಿಸದ ನಡುವಿನ ಜಾಗ) ಹೆಚ್ಚಿಸುವುದು. ಅದರಿಂದ ಇರುವ ಸಡಿಲಿಗೆ ಇನ್ನಷ್ಟು ಸಡಿಲು ಸೇರುತ್ತದೆ, ಅಷ್ಟೇ.

ಬಿಚ್ಚುವ ಮೊದಲು ವಿಂಡೋಸ್‌ನ ಗೇಮ್ ಕಂಟ್ರೋಲರ್ ಪುಟ ತೆರೆದು, ಅಲ್ಲಿನ ಪ್ಲಸ್ ಗುರುತನ್ನು ನೋಡುತ್ತಾ ಒಂದೇ ಬೆರಳಿನಿಂದ ಹಿಡಿಯನ್ನು ತಳ್ಳಿ ನೋಡಿದೆ. ಹಿಡಿ ಅಲುಗಿಯೂ ಗುರುತು ಅಲುಗದಿದ್ದರೆ ಹಿಡಿಗೂ ಸೆನ್ಸರ್‌ಗೂ ನಡುವಿನ ಜೋಡಣೆ ಸಡಿಲ. ಮುಟ್ಟದೆಯೇ ಗುರುತು ನಡುಗಿದರೆ ಹಿಡಿಯ ಸ್ಥಾನ ಅಳೆಯುವ ಪೊಟೆನ್ಶಿಯೋಮೀಟರ್ ಸವೆದಿರಬಹುದು ಅಥವಾ ಅದರಲ್ಲಿ ಕೊಳೆ ಕೂತಿರಬಹುದು. ಇಲ್ಲಿ ಗುರುತು ಕೂಡಲೇ ಅಲುಗಿತು, ಎದುರು ಬಲ ಮಾತ್ರ ತಡವಾಗಿ ಸಿಕ್ಕಿತು.

ಇದಕ್ಕೆ ಎರಡು ಕಾರಣಗಳಿರಬಹುದು. ಗಿಯರ್ ಹಲ್ಲುಗಳ ನಡುವೆ ತೆರಪು ಹೆಚ್ಚಾಗಿರಬಹುದು. ಇಲ್ಲವೇ ಆಟ ಕಳಿಸುವ ಸ್ಪ್ರಿಂಗ್ ಎಫೆಕ್ಟ್‌ನಲ್ಲೇ (ಸ್ಪ್ರಿಂಗ್‌ನಂತೆ ನಡುವಿಗೆ ಎಳೆಯಲು ಮೋಟರಿಗೆ ಕೊಡುವ ಆಜ್ಞೆ) ಡೆಡ್‌ಬ್ಯಾಂಡ್ ಇದ್ದು, ಅಷ್ಟು ದೂರ ಬಲವೇ ಹುಟ್ಟದಿರಬಹುದು. ಪವರ್ ತೆಗೆದು ಹಿಡಿಯನ್ನು ಮೆಲ್ಲಗೆ ಅಲುಗಿಸಿದರೆ ಗೊತ್ತಾಗುತ್ತದೆ. ಮೊದಲು ಸ್ವಲ್ಪ ಖಾಲಿ, ಆಮೇಲೆ ‘ಟಕ್’ ಎಂದು ಮೋಟರಿನ ಭಾರ ಸಿಕ್ಕರೆ ತಪ್ಪು ಗಿಯರಿನದು. ಎಲ್ಲೆಡೆ ಒಂದೇ ಸಮ ಭಾರವಿದ್ದು ಪವರ್ ಕೊಟ್ಟಾಗ ಮಾತ್ರ ಖಾಲಿ ಎನಿಸಿದರೆ ಸಾಫ್ಟ್‌ವೇರ್‌ನದು. ಇಲ್ಲಿ ಟಕ್ ಎಂದಿತು.

ಒಳಗೆ ಮೋಟರಿನ ಶಾಫ್ಟಿನ ಮೇಲಿನ ಸಣ್ಣ ಗಿಯರ್, ಅಂದರೆ ಪಿನಿಯನ್, ಗಟ್ಟಿಯಾಗಿ ಕೂತಿತ್ತು. ಪ್ಲಾಸ್ಟಿಕ್ ಪಿನಿಯನ್ ಬಿರುಕು ಬಿಟ್ಟು ಶಾಫ್ಟಿನ ಮೇಲೆ ಜಾರುವುದುಂಟು. ಅಂಟು ಹಾಕಿದರೆ ಹೆಚ್ಚು ದಿನ ನಿಲ್ಲದು, ಹಲ್ಲಿನ ಎಣಿಕೆ, ಮಾಡ್ಯೂಲ್ (ಹಲ್ಲಿನ ಗಾತ್ರ), ರಂಧ್ರದ ಅಳತೆ ಮೂರೂ ಹೊಂದುವ ಹೊಸದನ್ನೇ ಹಾಕಬೇಕು. ಈ ಸ್ಟಿಕ್‌ನಲ್ಲಿ ಮೋಟರಿನ ಸ್ಕ್ರೂಗಳನ್ನು ಸಡಿಲಿಸಿದರೆ ಅದು ಕೂದಲೆಳೆಯಷ್ಟು ಸರಿಯುತ್ತದೆ. ಸುಮಾರು 0.1 ಮಿ.ಮೀ. ದಪ್ಪದ ಸಾಮಾನ್ಯ ಕಾಗದದ ಪಟ್ಟಿಯನ್ನು ಹಲ್ಲುಗಳ ನಡುವೆ ಇಟ್ಟು, ಮೋಟರನ್ನು ಒತ್ತಿ ಹಿಡಿದು ಸ್ಕ್ರೂ ಬಿಗಿ ಮಾಡಿ, ಕಾಗದ ಎಳೆದು ತೆಗೆದರೆ ಬೇಕಾದಷ್ಟೇ ತೆರಪು ಉಳಿಯುತ್ತದೆ.

ಆದರೆ ಹಿಡಿ ಹೆಚ್ಚು ಹೊತ್ತು ಇರುವುದು ನಡುವಿನಲ್ಲೇ, ಹಾಗಾಗಿ ಅಲ್ಲಿನ ಹಲ್ಲುಗಳೇ ಮೊದಲು ಸವೆಯುತ್ತವೆ. ನಡುವಿಗೆ ಸರಿಹೊಂದಿಸಿದ ಗಿಯರ್ ತುದಿಗಳಲ್ಲಿ ಬಿಗಿಯುತ್ತದೆ. ಬಿಗಿದರೆ ಕೈಗೆ ಗರಗರ ಎನಿಸುತ್ತದೆ, ಮೋಟರ್ ಬಿಸಿಯಾಗುತ್ತದೆ. ನಾಲ್ಕೂ ದಿಕ್ಕಿಗೆ ಕೊನೆಯವರೆಗೆ ತಿರುಗಿಸಿ ನೋಡಲೇಬೇಕು. ದೊಡ್ಡ ಗಿಯರ್ ಪೂರ್ತಿ ವೃತ್ತವಿದ್ದರೆ ಅದನ್ನು ಬಿಚ್ಚಿ ಸ್ವಲ್ಪ ತಿರುಗಿಸಿ ಕೂರಿಸುವುದೇ ಲೇಸು; ಸವೆಯದ ಹಲ್ಲುಗಳು ನಡುವಿಗೆ ಬರುತ್ತವೆ. ಗ್ರೀಸ್ ಪ್ಲಾಸ್ಟಿಕ್‌ಗೆ ಹೊಂದುವಂಥದ್ದಿರಲಿ, ತೆಳ್ಳಗೆ ಹಚ್ಚಿ.

ತೆರಪನ್ನು ಪೂರ್ತಿ ಸೊನ್ನೆ ಮಾಡಲಾಗದು. ಉಳಿದಷ್ಟರ ಮೇಲೆ ಸೆಟ್ಟಿಂಗ್‌ನಲ್ಲಿ ಸ್ಪ್ರಿಂಗ್ ಎಫೆಕ್ಟ್‌ನ ಬಲವನ್ನು ನೂರಕ್ಕೆ ನೂರು ಇಟ್ಟರೆ, ಕೈ ಬಿಟ್ಟೊಡನೆ ಸ್ಟಿಕ್ ನಡುವಿನಲ್ಲಿ ಅತ್ತಿತ್ತ ಬಡಿದುಕೊಂಡು ಝೇಂಕರಿಸುತ್ತದೆ. ಸ್ಪ್ರಿಂಗ್ ಇಳಿಸಿ, ಡ್ಯಾಂಪರ್ (ಹಿಡಿಯ ವೇಗದ ಚಲನೆಯನ್ನು ತಡೆಯುವ ಬಲ) ಸ್ವಲ್ಪ ಏರಿಸಿದೆ, ಝೇಂಕಾರ ನಿಂತಿತು.

ಇಷ್ಟಾದ ಮೇಲೂ ಬಲ ಸಿಗದಿದ್ದರೆ ಆಟವನ್ನು ಗಮನಿಸಿ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020ರಲ್ಲಿ ಬಲ ಬೇಕೆಂದರೆ ಬೇರೆಯದೊಂದು ಸಾಫ್ಟ್‌ವೇರ್ ಬೇಕು. ಡಿಸಿಎಸ್ ಎಂಬ ಯುದ್ಧವಿಮಾನದ ಆಟದಲ್ಲಿ ಅದು ಒಳಗೇ ಇದೆ, ಟ್ರಿಮ್ ಮಾಡಿದರೆ (ಕೈ ಬಿಟ್ಟರೂ ವಿಮಾನ ಹಾಗೇ ಹಾರುವಂತೆ ಹೊಂದಿಸಿದರೆ) ಸ್ಟಿಕ್‌ನ ನಡುವೇ ಸರಿಯುತ್ತದೆ. ಅಲ್ಲಿ ಮೂಗು ಏರಿಳಿಸುವಾಗ ಹಿಂದೆ-ಮುಂದೆ ಸಿಗಬೇಕಾದ ಎದುರು ಬಲ ಅಡ್ಡಡ್ಡಕ್ಕೆ ಸಿಕ್ಕರೆ ಬಲದ ಅಕ್ಷಗಳು ಅದಲುಬದಲಾಗಿವೆ. ಕಂಟ್ರೋಲ್ಸ್ ಪುಟದ ಎಫ್ಎಫ್ (ಫೋರ್ಸ್ ಫೀಡ್‌ಬ್ಯಾಕ್) ಟ್ಯೂನ್‌ನಲ್ಲಿ ಸ್ವಾಪ್ ಆಕ್ಸಿಸ್ ಗುರುತು ಹಾಕಿ.