ಬೀಳುತ್ತೆ, ಕಾಣಲ್ಲ

"ಚಿಕ್ಕಮ್ಮ, ಬೀಳ್ತಾ ಇದೆ. ಕಾಣಲ್ಲ ಅಷ್ಟೇ. ಪೂರ್ತಿ ಟೈಪ್ ಮಾಡಿ ಎಂಟರ್ ಒತ್ತಿ."

ಭಾನುವಾರದಿಂದ ಈ ಮಾತು ಕಿವಿಯಲ್ಲೇ ಇದೆ.

ಲ್ಯಾಪ್‌ಟಾಪ್ 2015ರದ್ದು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿತ್ತು. 11 ಹಾಕೋಣ ಅಂದರೆ ಪ್ರೊಸೆಸರ್ ಹಳೆಯದು. ರಿಪೇರಿ ಅಂಗಡಿಯವನು ಬ್ಯಾಗಿನಿಂದ ತೆಗೆಯುವ ಮೊದಲೇ "ಹೊಸದು ತಗೊಳ್ಳಿ ಮೇಡಂ" ಅಂದ. ಕೀಲಿ ಒಂದೂ ಸವೆದಿಲ್ಲ, 8 ಜಿಬಿ ರ್‍ಯಾಮ್ ಇದೆ. ಬಿಸಾಡಲು ಮನಸ್ಸು ಬರಲಿಲ್ಲ. ಅಕ್ಕನ ಮಗಳು ಫೋನಿನಲ್ಲಿ "ವಿಂಡೋಸ್ ಬದಲು ಉಬುಂಟು ಹಾಕೋಣ" ಅಂದಳು.

ಫೋಟೋಗಳನ್ನೆಲ್ಲ ಮೊದಲೇ ಬೇರೆ ಡಿಸ್ಕಿಗೆ ಹಾಕಿಸಿದಳು, ಪುಣ್ಯಾತ್ಗಿತ್ತಿ. ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ ವೈಫೈ, ಸೌಂಡ್ ಬರುತ್ತಾ ನೋಡಿ, ಆಮೇಲೆ ಇನ್‌ಸ್ಟಾಲ್. ಅಲ್ಲಿಯವರೆಗೆ ಸಲೀಸು. ಸಿಕ್ಕಿಕೊಂಡಿದ್ದು ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆಗಳನ್ನು ಟೈಪ್ ಮಾಡಿ ಕೊಡುವ ಕಿಟಕಿಯಲ್ಲಿ. ವಿಡಿಯೊ ನೋಡುವ ವಿಎಲ್‌ಸಿ ಹಾಕಿಕೊಳ್ಳಲು 'ಸುಡೊ ಆಪ್ಟ್ ಇನ್‌ಸ್ಟಾಲ್ ವಿಎಲ್‌ಸಿ' ಅಂತ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ಪಾಸ್‌ವರ್ಡ್ ಕೇಳಿತು. ಒತ್ತುತ್ತೇನೆ, ಏನೂ ಬೀಳುತ್ತಿಲ್ಲ. ಚುಕ್ಕಿ ಇಲ್ಲ, ನಕ್ಷತ್ರ ಇಲ್ಲ. ಕರ್ಸರ್ ಇದ್ದಲ್ಲೇ ಇದೆ. ಕೀಬೋರ್ಡೇ ಹೋಯಿತು ಅಂತ ಎದೆ ಧಸಕ್ಕೆಂದಿತು. ಆಗ ಹೇಳಿದ ಮಾತು ಅದು. ಪಕ್ಕದಲ್ಲಿ ಕೂತವರಿಗೆ ಎಷ್ಟು ಅಕ್ಷರ ಅಂತಲೂ ಗೊತ್ತಾಗಬಾರದು, ಅದಕ್ಕೇ ತೋರಿಸಲ್ಲವಂತೆ.

ಒತ್ತಿದೆ. ಮುಂದುವರಿಸಲಾ ಅಂತ ಕೇಳಿತು, 'ವೈ' ಅಂದೆ. ಸಾಲುಗಳು ಸರಸರ ಓಡಿದವು.

ನನ್ನ ಮಕ್ಕಳು ಜಾಣರು. ಆದರೆ ಏನು ಕೇಳಿದರೂ "ಕೊಡಮ್ಮ ಇಲ್ಲಿ" ಅಂತ ಮೌಸ್ ಕಿತ್ತುಕೊಂಡು ಎರಡೇ ನಿಮಿಷದಲ್ಲಿ ಮುಗಿಸಿಬಿಡುತ್ತಾರೆ. ಕೆಲಸ ಆಗುತ್ತೆ, ನನಗೆ ಮಾತ್ರ ಬರಲ್ಲ. ಬ್ಯಾಂಕಿನಲ್ಲಿ ಚಲನ್ ತುಂಬುವಾಗಲೂ ಹೀಗೇ, ಎಟಿಎಂನಲ್ಲೂ ಹೀಗೇ. ಐವತ್ತು ದಾಟಿದ ಹೆಂಗಸಿನ ಕೈಯಿಂದ ಎಲ್ಲರೂ ಪೆನ್ನು ಇಸ್ಕೊಳ್ಳುವವರೇ. ಪ್ರೀತಿಯಿಂದಲೇ ಮಾಡ್ತಾರೆ, ಒಪ್ಪುತ್ತೇನೆ. ಆದರೆ ಹಾಗೆ ಇಸ್ಕೊಂಡೂ ಇಸ್ಕೊಂಡೂ ನಮ್ಮ ಕೈಗೇ ನಮ್ಮ ಮೇಲೆ ನಂಬಿಕೆ ಹೋಗಿಬಿಡುತ್ತೆ ಅಲ್ವಾ?

ಈ ಹುಡುಗಿ ಇದ್ದದ್ದು ಮೈಸೂರಿನಲ್ಲಿ. ನನ್ನ ಸ್ಕ್ರೀನ್ ಅವಳಿಗೂ ಕಾಣುತ್ತಿರಲಿಲ್ಲ. ದೂರದಿಂದಲೇ ಕಂಪ್ಯೂಟರ್ ನಡೆಸುವ ಆ್ಯಪ್‌ಗಳಿವೆ, ಅವಳೇ ಬೇಡ ಅಂದಳು. ನಾನು ಒಂದೊಂದೇ ಕೀಲಿ ಹುಡುಕುವವರೆಗೆ ಸುಮ್ನೆ ಕಾದಳು. "ಬೀಳ್ತಾ ಇದೆ" ಅಂದಾಗ ಅವಳ ದನಿಯಲ್ಲಿ ಚೂರೂ ಅನುಮಾನ ಇರಲಿಲ್ಲ.

ಸೋಮವಾರ ಯಾರನ್ನೂ ಕೇಳದೆ ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್ ತೆರೆದು ಕನ್ನಡದ ಕಗಪ ವಿನ್ಯಾಸ ಸೇರಿಸಿಕೊಂಡೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಗಳ ಜೋಡಣೆ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಕೈಗೆ ಕೂತಿದ್ದೇ. ಕೆ, ಎಫ್, ಕೆ ಒತ್ತಿದೆ. 'ಕ್ಕ' ಮೂಡಿತು. ಅವಳಿಗೆ ಕನ್ನಡದಲ್ಲೇ ಮೇಲ್ ಮಾಡಿದೆ:

"ಬಿತ್ತು ಪುಟ್ಟಿ. ಕಾಣ್ತಾನೂ ಇದೆ."