ಆಬ್ಜೆಕ್ಟನ್ನು ಹಾಗೇ ರಿಟರ್ನ್ ಮಾಡಿ, ಏನೂ ಆಗಲ್ಲ

ಸಿ++ ಕೋಡ್ ರಿವ್ಯೂಗೆ ಕೂತಾಗಲೆಲ್ಲ ಇದು ಎದುರಾಗುತ್ತದೆ. ಫಂಕ್ಷನ್ ಒಳಗೆ ಹತ್ತು ಲಕ್ಷ ಇಂಟ್ (ಪೂರ್ಣಾಂಕ) ಇರುವ ವೆಕ್ಟರ್ (ಬೇಕಾದಷ್ಟು ಬೆಳೆಯುವ ಪಟ್ಟಿ) ಕಟ್ಟಿರುತ್ತಾರೆ, ಅದನ್ನು ಹಾಗೇ ವಾಪಸ್ ಕೊಟ್ಟರೆ ಅಷ್ಟೂ ಕಾಪಿ ಆಗುತ್ತದೆ ಅಂತ ಹೆದರಿ ‘ನ್ಯೂ’ ಹಾಕಿ ಹೀಪ್‌ನಲ್ಲಿ (ನಾವೇ ಕೇಳಿ ಪಡೆದು, ಮುಗಿದ ಮೇಲೆ ಡಿಲೀಟ್ ಮಾಡಬೇಕಾದ ಮೆಮೊರಿ) ಕಟ್ಟಿ, ಪಾಯಿಂಟರ್ ಅಂದರೆ ಅದರ ವಿಳಾಸ ಮಾತ್ರ ರಿಟರ್ನ್ ಮಾಡುತ್ತಾರೆ. ಸರಿ, ಡಿಲೀಟ್ ಮಾಡುವವರು ಯಾರು? ಫಂಕ್ಷನ್ ಹೆಸರು ನೋಡಿದರೆ ಗೊತ್ತಾಗಲ್ಲ. ಯಾರೂ ಡಿಲೀಟ್ ಮಾಡದೆ ಮೆಮೊರಿ ಹಾಗೇ ಉಳಿದುಬಿಡುವ ಲೀಕ್ ಶುರುವಾಗುವುದೇ ಅಲ್ಲಿ.

ಅಸಲಿಗೆ ಆ ಹತ್ತು ಲಕ್ಷ ಇಂಟ್ ಮೊದಲೇ ಹೀಪ್‌ನಲ್ಲಿರುತ್ತವೆ. 64 ಬಿಟ್ ಜಿಸಿಸಿ ಕಂಪೈಲರ್‌ನಲ್ಲಿ ವೆಕ್ಟರ್ ಅಂದರೆ ಮೂರು ಪಾಯಿಂಟರ್, 24 ಬೈಟ್ ಅಷ್ಟೇ. ಅದನ್ನು ಉಳಿಸೋಕೆ ಇಷ್ಟೆಲ್ಲ ಯಾಕೆ?

ಆ 24 ಬೈಟ್ ಕೂಡ ಸಾಮಾನ್ಯವಾಗಿ ಕಾಪಿ ಆಗುವುದಿಲ್ಲ. ಕರೆಯುವ ಫಂಕ್ಷನ್ ತನ್ನ ಸ್ಟ್ಯಾಕ್‌ನಲ್ಲಿ ಜಾಗ ಮಾಡಿಟ್ಟು, ಅದರ ವಿಳಾಸವನ್ನು ಗುಟ್ಟಾಗಿ ಒಳಗೆ ಕಳಿಸುತ್ತದೆ (64 ಬಿಟ್ ಲಿನಕ್ಸ್‌ನಲ್ಲಿ ಆರ್‌ಡಿಐ ರಿಜಿಸ್ಟರ್ ಮೂಲಕ), ಒಳಗಿನ ಫಂಕ್ಷನ್ ನೇರವಾಗಿ ಅಲ್ಲೇ ಆಬ್ಜೆಕ್ಟ್ ಕಟ್ಟುತ್ತದೆ. ಇರುವುದೇ ಒಂದು ಆಬ್ಜೆಕ್ಟ್, ಕಾಪಿ ಎಲ್ಲಿಂದ ಬರಬೇಕು? ಒಂದು ಚಿಕ್ಕ ಕ್ಲಾಸ್ ಬರೆದು ಕನ್‌ಸ್ಟ್ರಕ್ಟರ್, ಕಾಪಿ, ಮೂವ್ (ಒಳಗಿನ ಡೇಟಾವನ್ನು ಕಾಪಿ ಮಾಡದೆ ಹೊಸ ಆಬ್ಜೆಕ್ಟ್‌ಗೆ ವಹಿಸಿಕೊಡುವುದು) ಮೂರರಲ್ಲೂ ಒಂದೊಂದು ಪ್ರಿಂಟ್ ಹಾಕಿ ನೋಡಿ, ಕನ್‌ಸ್ಟ್ರಕ್ಟರ್ ಸಾಲು ಮಾತ್ರ ಬರುತ್ತದೆ.

ರಿಟರ್ನ್ ಸಾಲಿನಲ್ಲೇ ಹೊಸ ಆಬ್ಜೆಕ್ಟ್ ಹುಟ್ಟಿದರೆ ಇದು ಸಿ++17ರಿಂದ ಭಾಷೆಯ ನಿಯಮ. ಹೆಸರಿಟ್ಟ ಲೋಕಲ್ ವೇರಿಯಬಲ್ ಆದರೆ ಕಂಪೈಲರ್ ಇಷ್ಟ, ಆದರೆ ಸುಲಭದ ಫಂಕ್ಷನ್‌ಗಳಲ್ಲಿ ಮಾಡೇ ಮಾಡುತ್ತದೆ. ಇಫ್‌ನಲ್ಲಿ ಒಂದು ವೇರಿಯಬಲ್, ಎಲ್ಸ್‌ನಲ್ಲಿ ಇನ್ನೊಂದು ರಿಟರ್ನ್ ಮಾಡಿದರೆ ಅದಕ್ಕೆ ಕಷ್ಟ. ಆಗಲೂ ಸಿ++11ರಿಂದ ಮೂವ್ ತಾನಾಗೇ ಆಗುತ್ತದೆ.

ಹಾಗಾಗಿ ದಯವಿಟ್ಟು ರಿಟರ್ನ್ ಸಾಲಿನಲ್ಲಿ ಲೋಕಲ್ ವೇರಿಯಬಲ್‌ಗೆ ‘ಮೂವ್’ ಸುತ್ತಬೇಡಿ. ಜಾಣತನ ಅನ್ನಿಸುತ್ತದೆ ಅಲ್ವಾ, ಆದರೆ ಕಂಪೈಲರ್ ಸುಮ್ನೆ ಮಾಡಿಕೊಡುತ್ತಿದ್ದ ಕೆಲಸಕ್ಕೆ ಅದೇ ಅಡ್ಡ ಬರುತ್ತದೆ. ಜಿಸಿಸಿ 9ರಿಂದ ವಾರ್ನಿಂಗ್ ತೋರಿಸುವ ‘-Wall’ ಫ್ಲ್ಯಾಗ್ ಹಾಕಿದರೆ ಇದಕ್ಕೆ ವಾರ್ನಿಂಗೇ ಬರುತ್ತದೆ. ಲೋಕಲ್ ವೇರಿಯಬಲ್‌ನ ರೆಫರೆನ್ಸ್ ಕೊಡುವುದಂತೂ ಬೇಡವೇ ಬೇಡ, ಫಂಕ್ಷನ್ ಮುಗಿದ ಕೂಡಲೇ ಆ ಆಬ್ಜೆಕ್ಟೇ ಇರುವುದಿಲ್ಲ.

ನಿಜವಾಗಿ ಹೀಪ್ ಬೇಕಾಗುವ ಜಾಗಗಳೂ ಇವೆ. ಯಾವ ಡಿರೈವ್ಡ್ ಕ್ಲಾಸ್ ಅಂತ ರನ್ ಆಗುವಾಗಲೇ ತೀರ್ಮಾನವಾಗುವ ಫ್ಯಾಕ್ಟರಿ ಫಂಕ್ಷನ್ ಇದ್ದರೆ ಯೂನಿಕ್ ಪಾಯಿಂಟರ್ (ಒಬ್ಬರೇ ಒಡೆಯರಿರುವ, ತಾನೇ ಡಿಲೀಟ್ ಮಾಡುವ ಪಾಯಿಂಟರ್) ಕೊಡಿ, ಡಿಲೀಟ್ ಯಾರ ಹೊಣೆ ಅನ್ನುವುದು ಟೈಪ್‌ನಲ್ಲೇ ಕಾಣುತ್ತದೆ. ಇನ್ನು ದೊಡ್ಡ ಸ್ಟ್ಯಾಂಡರ್ಡ್ ಅರೇ (ಗಾತ್ರ ಮೊದಲೇ ನಿಗದಿಯಾದ ಪಟ್ಟಿ) ಇದ್ದರೆ ಸ್ವಲ್ಪ ಜಾಸ್ತಿ ಎಚ್ಚರ ಬೇಕು, ಅದರ ಡೇಟಾ ಆಬ್ಜೆಕ್ಟ್ ಒಳಗೇ ಇರುವುದರಿಂದ ಇಂಟ್‌ಗಳ ಅರೇಗೆ ಮೂವ್ ಅಂದರೂ ಕಾಪಿಯೇ. ಅಲ್ಲಿ ಹೆಸರಿಟ್ಟ ಒಂದೇ ವೇರಿಯಬಲ್ ಇಟ್ಟುಕೊಂಡು ಅದನ್ನೇ ಎಲ್ಲಾ ಕಡೆಯಿಂದ ರಿಟರ್ನ್ ಮಾಡಿ.